ಅಂಡರ್‌ಚಾಸಿ ಬಿಲ್ಲು ಕಟ್ಟುವ ಮುನ್ನ: ಕೋಯಂಬೇಡಿಗೆ ಬರುವ ಕನ್ನಡ ಚಾಲಕರಿಗೆ ಬಹಿರಂಗ ಪತ್ರ

ಬೆಂಗಳೂರು, ಹೊಸಕೋಟೆ, ಮಾಲೂರು, ಕೋಲಾರ, ಮುಳಬಾಗಿಲು, ಕೆಜಿಎಫ್ ಕಡೆಯಿಂದ ಬಾಡಿಗೆ ಕಾರು ಓಡಿಸಿಕೊಂಡು ಬಂದು ಚೆನ್ನೈನ ಕೋಯಂಬೇಡಿನಲ್ಲಿ ವಾಪಸ್ ಟ್ರಿಪ್ಪಿಗೆ ಕಾಯುವ ಅಣ್ಣತಮ್ಮಂದಿರಿಗೆ,

ನಾನು ಅರುಂಬಾಕ್ಕಂನಲ್ಲಿ ನೆಲೆಸಿರುವ ಕನ್ನಡಿಗ. ಅಂಬತ್ತೂರು ಎಸ್ಟೇಟಿನ ಬಿಡಿಭಾಗದ ಕಾರ್ಖಾನೆಯೊಂದರಲ್ಲಿ ರಬ್ಬರ್ ಬುಷ್, ಬಾಲ್ ಜಾಯಿಂಟುಗಳ ಗುಣಮಟ್ಟ ಪರೀಕ್ಷಿಸುವ ಕೆಲಸ ಮಾಡಿ ನಿವೃತ್ತನಾದವನು. ತರಕಾರಿಗೆಂದು ಮಾರುಕಟ್ಟೆಗೆ ಬಂದಾಗ ಕೆಎ ನಂಬರಿನ ಹಳದಿ ಬೋರ್ಡು ಕಂಡರೆ ನಿಂತು ಮಾತಾಡಿಸುವುದು ನನ್ನ ರೂಢಿ. ನಿಮ್ಮಲ್ಲಿ ಕೆಲವರಿಗೆ ನನ್ನ ಮುಖ ನೆನಪಿರಬಹುದು. ಆ ಮಾತುಕತೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಸಂಕಟ ಒಂದೇ: ಗಾಡಿಯ ಸಾಲ ಇನ್ನೂ ತೀರಿಲ್ಲ, ಆಗಲೇ ಅಂಡರ್‌ಚಾಸಿ ಕೆಲಸ ಬಂತು. ಲೋವರ್ ಆರ್ಮ್ ಹೋಯಿತು, ಲಿಂಕ್ ರಾಡ್ ಹೋಯಿತು, ಶಾಕ್ ಅಬ್ಸಾರ್ಬರ್ ಎಣ್ಣೆ ಕಾರುತ್ತಿದೆ. ಗ್ಯಾರೇಜಿನವರು ಹೇಳಿದ ಮೊತ್ತವನ್ನು ಅವರಿವರಿಂದ ಕೈಗಡ ತಂದು ಕಟ್ಟಿ, ಗಾಡಿ ಬಿಡಿಸಿಕೊಂಡು, ಮತ್ತೆ ಅದೇ ರಸ್ತೆಗೆ ಇಳಿಯುತ್ತೀರಿ. ಕೆಲವರಿಗೆ ವರ್ಷ ತುಂಬುವುದರೊಳಗೆ ಅದೇ ಪಾರ್ಟು ಮತ್ತೆ ಹೋಗುತ್ತದೆ.

ನಾನು ಹೇಳಬೇಕೆಂದಿರುವುದು ಇಷ್ಟು. ಅಕಾಲಕ್ಕೆ ಬಂದ ಆ ಬಿಲ್ಲು ತಾನಾಗಿಯೇ ನಿಮ್ಮದಲ್ಲ. ಪಾರ್ಟು ಯಾವ ಕಾರಣಕ್ಕೆ ಹೋಯಿತು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ತಯಾರಿಕೆಯ ದೋಷವಾದರೆ ಕಂಪನಿ ಹೊಣೆ. ಜೋಡಿಸಿದ ರೀತಿ ತಪ್ಪಿದ್ದರೆ ಗ್ಯಾರೇಜು ಹೊಣೆ. ಒಂದೇ ಏಟಿಗೆ ಮುರಿದಿದ್ದರೆ ವಿಮೆ. ನಿಜವಾಗಿ ಸವೆದಿದ್ದರೆ ಮಾತ್ರ ನೀವು. ಈಗ ನಡೆಯುತ್ತಿರುವುದೋ, ಕಾರಣವನ್ನು ಯಾರೂ ಕೇಳುವುದಿಲ್ಲ, ಎಲ್ಲವೂ ಚಾಲಕನ ತಲೆಗೆ ಬಂದು ಬೀಳುತ್ತದೆ. ಈ ಅನ್ಯಾಯ ನಿಲ್ಲಬೇಕು ಎಂದೇ ಈ ಪತ್ರ.

ಮೊದಲು ನೀವು ಓಡುವ ದಾರಿಯನ್ನೇ ನೋಡೋಣ. ಹೊಸೂರು, ಕೃಷ್ಣಗಿರಿ, ಆಂಬೂರು, ವೆಲ್ಲೂರು ಹಾದು ಬನ್ನಿ, ಇಲ್ಲವೇ ಮುಳಬಾಗಿಲು, ಪಲಮನೇರು, ಚಿತ್ತೂರು ಹಾದು ಬನ್ನಿ, ಕೊನೆಗೆ ವಾಲಾಜಾಪೇಟೆಯಿಂದ ಈಚೆಗೆ ಎಲ್ಲರಿಗೂ ಶ್ರೀಪೆರುಂಬುದೂರು, ಪೂಂದಮಲ್ಲಿ, ಮಧುರವಾಯಲ್ ದಾರಿಯೇ. ಆ ಹಾದಿಯ ಅಗಲೀಕರಣ ವರ್ಷಗಟ್ಟಲೆ ಎಳೆಯಿತು. ಒಂದು ಪಕ್ಕಕ್ಕೆ ತಿರುಗಿಸಿದ ತಾತ್ಕಾಲಿಕ ರಸ್ತೆ, ಹೊಸ ಟಾರು ಹಳೆ ಟಾರು ಸೇರುವಲ್ಲಿ ಮೆಟ್ಟಿಲಿನಂಥ ಅಂಚು, ಮಳೆನೀರು ನಿಂತರೆ ಕಾಣದ ಗುಂಡಿ. ನಗರದೊಳಗೆ ಬಂದರೆ ಮೆಟ್ರೋ ಎರಡನೇ ಹಂತದ ಕೆಲಸ. ಮಾಧವರಂನಿಂದ ಶೋಲಿಂಗನಲ್ಲೂರಿಗೆ ಹೋಗುವ ಮಾರ್ಗ ಕೋಯಂಬೇಡನ್ನು ಹಾದೇ ಹೋಗುತ್ತದೆ. ಇನ್ನೊಂದು ಕಡೆ ಬಂದರಿನಿಂದ ಮಧುರವಾಯಲ್‌ಗೆ ಎರಡು ಅಂತಸ್ತಿನ ಮೇಲ್ರಸ್ತೆ. ಅದಕ್ಕೆ 2022ರ ಮೇ 26ರಂದು ಶಂಕುಸ್ಥಾಪನೆಯಾಯಿತು. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಗೂ ಅದೇ ದಿನ. ಎಕ್ಸ್‌ಪ್ರೆಸ್‌ವೇಯ ಕರ್ನಾಟಕದ ಭಾಗ, ಹೊಸಕೋಟೆಯಿಂದ ಬೇತಮಂಗಲದ ಕಡೆಗಿನ 71 ಕಿಲೋಮೀಟರು, ತೆರೆದಾಗ ನಿಮ್ಮಲ್ಲಿ ಹಲವರು ಎಷ್ಟು ಸಂತೋಷದಿಂದ ಹೇಳಿಕೊಂಡಿರಿ! ಆ ನಯವಾದ ರಸ್ತೆಯಲ್ಲಿ ನೂರರ ವೇಗಕ್ಕೆ ಒಗ್ಗಿದ ಕಾಲು ಶ್ರೀಪೆರುಂಬುದೂರು ದಾಟಿದ ಮೇಲೂ ಅದೇ ಒತ್ತಡದಲ್ಲಿ ಆಕ್ಸಿಲರೇಟರ್ ಮೇಲಿರುತ್ತದೆ ಎಂಬುದೇ ನನ್ನ ಭಯ.

ಈ ರಸ್ತೆಯ ಸ್ಥಿತಿ ನಮ್ಮ ನಿಮ್ಮ ಗೊಣಗಾಟ ಮಾತ್ರವಲ್ಲ. 2020ರ ಡಿಸೆಂಬರಿನಲ್ಲಿ ಮದ್ರಾಸ್ ಹೈಕೋರ್ಟ್ ತಾನಾಗಿಯೇ ವಿಚಾರ ಕೈಗೆತ್ತಿಕೊಂಡು, ಮಧುರವಾಯಲ್–ವಾಲಾಜಾಪೇಟೆ ನಡುವಿನ ಟೋಲ್‌ಗಳಲ್ಲಿ ರಸ್ತೆ ಸರಿಯಾಗುವ ತನಕ ಅರ್ಧ ಶುಲ್ಕ ಮಾತ್ರ ವಸೂಲು ಮಾಡಬೇಕೆಂದು ಹೆದ್ದಾರಿ ಪ್ರಾಧಿಕಾರಕ್ಕೆ ಆದೇಶಿಸಿತು. ಹಾಳು ರಸ್ತೆಗೆ ಪೂರ್ತಿ ಹಣ ಕೇಳಬಾರದು ಎಂಬ ಸಾಮಾನ್ಯ ನ್ಯಾಯ ಅದು. 2025ರ ಆಗಸ್ಟಿನಲ್ಲಿ ಕೇರಳ ಹೈಕೋರ್ಟ್ ತೃಶ್ಶೂರು ಬಳಿಯ ಪಾಲಿಯೇಕ್ಕರ ಟೋಲನ್ನೇ ನಿಲ್ಲಿಸಿತು; ಪ್ರಾಧಿಕಾರ ಸುಪ್ರೀಂ ಕೋರ್ಟಿಗೆ ಹೋದರೂ ಅಲ್ಲಿ ಮೇಲ್ಮನವಿ ನಿಲ್ಲಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಬಾಂಬೆ ಹೈಕೋರ್ಟ್ ಗುಂಡಿಗಳಿಂದ ಸತ್ತವರ ಕುಟುಂಬಕ್ಕೆ 6 ಲಕ್ಷ ರೂಪಾಯಿ, ಗಾಯಗೊಂಡವರಿಗೆ 50 ಸಾವಿರದಿಂದ 2.5 ಲಕ್ಷದವರೆಗೆ ಪರಿಹಾರ ಕೊಡಬೇಕೆಂದಿತು. ಆದರೆ ನಿಮ್ಮ ಲೋವರ್ ಆರ್ಮಿಗೆ ಹಣ ಕೊಡುವ ಕೌಂಟರು ಮಾತ್ರ ಇನ್ನೂ ಎಲ್ಲೂ ತೆರೆದಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 198ಎ ಕಲಂ ಕೂಡ, ರಸ್ತೆ ಸರಿಯಾಗಿ ಮಾಡದ ಗುತ್ತಿಗೆದಾರನಿಗೂ ಅಧಿಕಾರಿಗೂ ದಂಡ ಹೇಳುತ್ತದಾದರೂ, ಅದು ಜೀವ ಹೋದಾಗ ಇಲ್ಲವೇ ಅಂಗ ಊನವಾದಾಗ ಮಾತ್ರ. ಗಾಡಿಯ ನಷ್ಟವನ್ನು ರಸ್ತೆಯವರಿಂದ ವಸೂಲು ಮಾಡುವುದು ಇವತ್ತಿಗೆ ಬಹಳ ಕಷ್ಟದ ಹಾದಿ ಎಂದು ನಿಮಗೆ ನೇರವಾಗಿಯೇ ಹೇಳುತ್ತೇನೆ.

ಹಾಗೆಂದು ದೂರು ಕೊಡದೆ ಇರಬೇಡಿ. ಹೆದ್ದಾರಿಯ ಗುಂಡಿಗೆ 1033ಕ್ಕೆ ಕರೆ ಮಾಡಿ, ಅಥವಾ ರಾಜಮಾರ್ಗಯಾತ್ರಾ ಆ್ಯಪಿನಲ್ಲಿ ಫೋಟೊ ಹಾಕಿ. ಚೆನ್ನೈ ಕಾರ್ಪೊರೇಷನ್ನಿನ ಬೀದಿಗಳಿಗೆ 1913. ನೂರಡಿ ರಸ್ತೆಯಂಥ ರಾಜ್ಯ ಹೆದ್ದಾರಿ ಇಲಾಖೆಯ ರಸ್ತೆಗಳಿಗೆ ‘ನಮ್ಮ ಸಾಲೈ’ ಎಂಬ ಆ್ಯಪಿದೆ. ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಮುಂದೆ ಅದೇ ಜಾಗದಲ್ಲಿ ನಿಮ್ಮ ಗಾಡಿಯ ಚಕ್ರ ಮುರಿದರೆ, ಗುಂಡಿ ಮೊದಲೇ ಇತ್ತು ಎಂಬುದಕ್ಕೆ ಅದೇ ಸಾಕ್ಷಿ.

ಈಗ ಗಾಡಿಯ ಅಡಿಗೆ ಬರೋಣ. ನನಗೆ ಗೊತ್ತಿರುವ ಪ್ರಪಂಚ ಅದು.

ನಿಮ್ಮಲ್ಲಿ ಹೆಚ್ಚಿನವರ ಕಾರಿನಲ್ಲಿ ಮುಂದೆ ಸ್ಟ್ರಟ್ ಇರುತ್ತದೆ: ಕಾಯಿಲ್ ಸ್ಪ್ರಿಂಗಿನೊಳಗೆ ಶಾಕ್ ಅಬ್ಸಾರ್ಬರ್, ಮೇಲೆ ರಬ್ಬರಿನ ಮೌಂಟಿಂಗ್, ಅದರ ಜೊತೆ ಒಂದು ಬೇರಿಂಗ್. ಕೆಳಗೆ ಲೋವರ್ ಆರ್ಮ್, ಅದಕ್ಕೆ ಎರಡು ಬುಷ್, ತುದಿಯಲ್ಲಿ ಬಾಲ್ ಜಾಯಿಂಟ್. ಎರಡೂ ಬದಿಯನ್ನು ಸೇರಿಸುವ ಸ್ಟೆಬಿಲೈಸರ್ ಬಾರಿಗೆ ಸಣ್ಣ ಲಿಂಕ್ ರಾಡುಗಳು. ಸದ್ದು ಬಂದ ಕೂಡಲೇ ‘ಸೆಟ್ ಪೂರ್ತಿ ಹೋಗಿದೆ’ ಅನ್ನುವವರ ಮಾತಿಗೆ ತಲೆಯಾಡಿಸಬೇಡಿ. ಸದ್ದೇ ಅರ್ಧ ಉತ್ತರ ಹೇಳುತ್ತದೆ. ನಿಧಾನವಾಗಿ ಹೋಗುವಾಗ ಸಣ್ಣ ಏರುಪೇರಿಗೆ ಟಕಟಕ ಎಂದರೆ ಮೊದಲು ಲಿಂಕ್ ರಾಡ್ ನೋಡಿಸಿ. ಮುಂದಿನ ಅಂಡರ್‌ಚಾಸಿಯಲ್ಲಿ ಕಡಿಮೆ ಬೆಲೆಯ ಪಾರ್ಟುಗಳಲ್ಲಿ ಅದೊಂದು. ಬ್ರೇಕ್ ಹಾಕಿದಾಗ, ಬಿಟ್ಟಾಗ ದಡ್ ಎಂದು ಒಂದೇ ಏಟು ಕೇಳಿದರೆ ಲೋವರ್ ಆರ್ಮಿನ ಹಿಂದಿನ ಬುಷ್ ಇರಬಹುದು. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ ಕಿರುಗುಟ್ಟಿ ಸ್ಪ್ರಿಂಗ್ ನೆಗೆದಂತೆ ಆದರೆ ಮೇಲಿನ ಮೌಂಟಿಂಗ್, ಬೇರಿಂಗ್. ಹಂಪ್ ದಾಟಿದ ಮೇಲೂ ಗಾಡಿ ತೂಗಾಡುತ್ತಲೇ ಇದ್ದರೆ, ಟೈರು ಅಲ್ಲಲ್ಲಿ ಕಚ್ಚಿದಂತೆ ಸವೆದಿದ್ದರೆ, ಶಾಕ್ ಅಬ್ಸಾರ್ಬರ್. ಶಾಕಿನ ಮೈಮೇಲೆ ತೆಳ್ಳಗೆ ಎಣ್ಣೆ ಮಿನುಗಿದರೆ ಅದೇ ಸೋರಿಕೆಯಲ್ಲ. ಎಣ್ಣೆ ಕೆಳಗಿನವರೆಗೆ ಇಳಿದು ಧೂಳು ಗಟ್ಟಿಯಾಗಿ ಮೆತ್ತಿಕೊಂಡಿದ್ದರೆ ಸೋರಿಕೆ. ಗಾಡಿಯನ್ನು ಲಿಫ್ಟಿಗೇರಿಸಿದಾಗ ಪಕ್ಕದಲ್ಲಿ ನೀವೇ ನಿಂತು, ರಾಡು ಹಾಕಿ ಅಲ್ಲಾಡಿಸಿ ತೋರಿಸಲು ಹೇಳಿ. ತೋರಿಸಲು ಒಪ್ಪದ ಗ್ಯಾರೇಜಿನಲ್ಲಿ ಪಾರ್ಟು ಬದಲಿಸಬೇಡಿ.

ಹೊಸ ಬುಷ್ ಕೆಲವೇ ತಿಂಗಳಲ್ಲಿ ಹರಿದು ಹೋಗುವುದಕ್ಕೆ ನಾನು ಹೆಚ್ಚಾಗಿ ಕಂಡ ಕಾರಣವೊಂದನ್ನು ವಿವರವಾಗಿಯೇ ಹೇಳಬೇಕು, ಏಕೆಂದರೆ ಈ ಮಾತನ್ನು ನಿಮಗೆ ಯಾರೂ ಹೇಳುವುದಿಲ್ಲ. ಲೋವರ್ ಆರ್ಮಿನ ಬುಷ್ ಬೇರಿಂಗಿನಂತೆ ಸುತ್ತುವುದಿಲ್ಲ. ಒಳಗಿನ ಕಬ್ಬಿಣದ ಕೊಳವೆಗೂ ಹೊರಗಿನ ಕವಚಕ್ಕೂ ನಡುವೆ ರಬ್ಬರನ್ನು ಬೆಸೆದಿರುತ್ತಾರೆ. ಬೋಲ್ಟ್ ಬಿಗಿದಾಗ ಒಳಕೊಳವೆ ಗಾಡಿಯ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಚಕ್ರ ಮೇಲೆ ಕೆಳಗೆ ಆಡಿದಷ್ಟೂ ರಬ್ಬರೇ ತಿರುಚಿಕೊಂಡು ಮತ್ತೆ ನೆಟ್ಟಗಾಗಬೇಕು. ಗಾಡಿ ಜಾಕಿಯ ಮೇಲೆ, ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗಲೇ ಆ ಬೋಲ್ಟನ್ನು ಪೂರ್ತಿ ಬಿಗಿದರೆ ಏನಾಗುತ್ತದೆ? ಗಾಡಿ ನೆಲಕ್ಕಿಳಿದ ಕ್ಷಣದಿಂದಲೇ ರಬ್ಬರು ತಿರುಚಿದ ಸ್ಥಿತಿಯಲ್ಲಿ ಇರುತ್ತದೆ. ನೀವು ಪಾರ್ಕಿಂಗಿನಲ್ಲಿ ಮಲಗಿದ್ದಾಗಲೂ ಅದಕ್ಕೆ ವಿಶ್ರಾಂತಿಯಿಲ್ಲ. ಮೇಲಿಂದ ಗುಂಡಿಯ ಏಟು ಬಿದ್ದರೆ ಬೆಸುಗೆಯ ಅಂಚಿನಿಂದ ಹರಿಯುತ್ತದೆ. ಸರಿಯಾದ ಕ್ರಮವೆಂದರೆ, ಬೋಲ್ಟುಗಳನ್ನು ಸಡಿಲವಾಗಿ ಕೂರಿಸಿ, ಗಾಡಿಯ ಭಾರ ಚಕ್ರದ ಮೇಲೆ ಬಂದ ನಂತರ ಟಾರ್ಕ್ ರೆಂಚಿನಿಂದ ಅಂತಿಮವಾಗಿ ಬಿಗಿಯುವುದು. ಇದಕ್ಕೆ ಹೆಚ್ಚು ಹಣ ಬೇಡ, ಕೆಲವು ನಿಮಿಷ ಹೆಚ್ಚಿಗೆ ಸಾಕು. ‘ಗಾಡಿ ಇಳಿಸಿ ಬಿಗಿಯಿರಿ ಅಣ್ಣ’ ಎಂದು ಕೇಳಿ. ನಮ್ಮ ಕಾರ್ಖಾನೆಗೆ ‘ದೋಷವಿದೆ’ ಎಂದು ವಾಪಸ್ ಬರುತ್ತಿದ್ದ ಬುಷ್‌ಗಳಲ್ಲಿ ಒಂದೇ ದಿಕ್ಕಿಗೆ ತಿರುಚಿ ಹರಿದವನ್ನು ನೋಡಿದಾಗಲೆಲ್ಲ, ಇದರ ಹಣವನ್ನು ಯಾವ ಚಾಲಕ ಕಟ್ಟಿದನೋ ಎಂದು ನನ್ನ ಮನಸ್ಸು ನೋಯುತ್ತಿತ್ತು.

ಇನ್ನು ಕೂಲಿಯ ಲೆಕ್ಕ. ಸ್ಟ್ರಟ್ ಬಿಚ್ಚಿದ ಮೇಲೆ ಮೌಂಟಿಂಗ್, ಬೇರಿಂಗ್, ಬಂಪ್ ಸ್ಟಾಪ್ ಬದಲಿಸಲು ಬೇರೆ ಕೂಲಿ ಬೇಕಿಲ್ಲ. ಅವು ಸಣ್ಣ ಪಾರ್ಟುಗಳು. ಸವೆದಿದ್ದರೆ ಒಟ್ಟಿಗೇ ಹಾಕಿಸಿ. ಬಿಟ್ಟು ಬಂದರೆ ಮತ್ತದೇ ಕೂಲಿ ಕೊಡಬೇಕಾಗುತ್ತದೆ. ಹಾಗೆಯೇ ಶಾಕ್ ಅಬ್ಸಾರ್ಬರನ್ನು ಒಂದೇ ಬದಿಗೆ ಬದಲಿಸಿದರೆ ಗಾಡಿ ಒಂದು ಕಡೆಗೆ ಗಡುಸು, ಇನ್ನೊಂದು ಕಡೆಗೆ ಮೆದು ಆಗುತ್ತದೆ, ಜೋಡಿಯಾಗಿಯೇ ಹಾಕಿಸಿ. ಲೋವರ್ ಆರ್ಮ್, ಟೈ ರಾಡ್ ಎಂಡ್ ಮುಟ್ಟಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸದೆ ವೆಲ್ಲೂರು ದಾಟಬೇಡಿ, ಉಳಿಸಿದ ಕೆಲವು ನೂರು ರೂಪಾಯಿಗೆ ಹೊಸ ಟೈರೇ ಬಲಿಯಾದೀತು. ಗಾಡಿ ತಗ್ಗಾಯಿತೆಂದು ಸ್ಪ್ರಿಂಗಿನ ಸುತ್ತುಗಳ ನಡುವೆ ರಬ್ಬರ್ ಬಫರ್ ತುರುಕಿಸುವ ಅಭ್ಯಾಸ ನಿಮ್ಮಲ್ಲಿದೆ. ಅದರಿಂದ ಸ್ಪ್ರಿಂಗ್ ಮಡಚುವ ಜಾಗ ಕಡಿಮೆಯಾಗಿ, ಏಟು ನೇರವಾಗಿ ಮೌಂಟಿಂಗಿಗೂ ಬಾಡಿಗೂ ಹೋಗುತ್ತದೆ. ವಾರಂಟಿ ಕೇಳಲು ಹೋದರೆ ಕಂಪನಿಗೆ ಅದೊಂದು ನೆವವೂ ಆಗುತ್ತದೆ. ತೆಗೆಸಿಬಿಡಿ. ಗುಂಡಿಯೊಳಗೆ ಚಕ್ರ ಇಳಿಯುವಾಗ ಬ್ರೇಕ್ ಒತ್ತಿಕೊಂಡೇ ಇದ್ದರೆ ಮುಂದಿನ ಸ್ಪ್ರಿಂಗ್ ಆಗಲೇ ಅರ್ಧ ಕುಗ್ಗಿರುತ್ತದೆ. ಮುಂಚೆಯೇ ವೇಗ ತಗ್ಗಿಸಿ, ಇಳಿಯುವ ಹೊತ್ತಿಗೆ ಬ್ರೇಕ್ ಬಿಡಿ.

ಹಂಪುಗಳ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆಯ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು, ಗಂಟೆಗೆ 25 ಕಿಲೋಮೀಟರಿನಲ್ಲಿ ಸಲೀಸಾಗಿ ದಾಟುವಂತಿರಬೇಕು. ನಮ್ಮ ಬೀದಿಗಳಲ್ಲಿ ಒಂದು ಅಡಿ ಅಗಲದ ಗೋಡೆಯಂಥ ಉಬ್ಬುಗಳೇ ಹೆಚ್ಚು. ಅದನ್ನು ಚಾಲಕನ ಅಜಾಗರೂಕತೆ ಎಂದು ಯಾರೂ ಹೇಳಕೂಡದು.

ಈಗ ಹಣ ಯಾರು ಕೊಡಬೇಕು ಎಂಬುದಕ್ಕೆ ಬರುತ್ತೇನೆ.

ವಾರಂಟಿ ಇರುವ ಗಾಡಿಯಾದರೆ, ಸದ್ದು ಮೊದಲು ಕೇಳಿದ ದಿನವೇ ಕಂಪನಿ ಸರ್ವಿಸ್ ಸೆಂಟರಿನ ಜಾಬ್ ಕಾರ್ಡಿನಲ್ಲಿ ಅದು ದಾಖಲಾಗಬೇಕು: ತಾರೀಕು, ಓಡಿದ ಕಿಲೋಮೀಟರು, ಯಾವ ಬದಿ, ಯಾವಾಗ ಸದ್ದು. ‘ನೋಡೋಣ ಬಿಡಿ, ಮುಂದಿನ ಸರ್ವಿಸ್‌ನಲ್ಲಿ ಸರಿಮಾಡೋಣ’ ಎಂಬ ಬಾಯಿಮಾತನ್ನು ನಂಬಿ ಹೊರಟರೆ, ಮುಂದಿನ ಸರ್ವಿಸ್ ಹೊತ್ತಿಗೆ ವಾರಂಟಿ ಮುಗಿದಿರುತ್ತದೆ. ರಬ್ಬರ್ ಭಾಗಗಳು ಸವೆಯುವಂಥವು, ವಾರಂಟಿಗೆ ಬರುವುದಿಲ್ಲ ಎನ್ನುವುದು ಕೆಲವು ಕಂಪನಿಗಳ ವಾರಂಟಿ ಪುಸ್ತಕದಲ್ಲಿ ನಿಜವಾಗಿಯೂ ಇರುತ್ತದೆ. ಬಾಡಿಗೆ ಗಾಡಿಗೆ ಬೇರೆಯೇ ಷರತ್ತು ಇರುವುದೂ ಉಂಟು. ಆ ಪುಸ್ತಕ ಡ್ಯಾಶ್‌ಬೋರ್ಡಿನ ಡ್ರಾಯರಿನಲ್ಲೇ ಇದೆ, ಒಮ್ಮೆ ಯಾರಿಂದಾದರೂ ಓದಿಸಿಕೊಳ್ಳಿ. ಇಲ್ಲ ಎನ್ನುವುದಾದರೆ, ಯಾವ ಷರತ್ತಿನ ಪ್ರಕಾರ ಇಲ್ಲ ಎಂದು ಬರೆದುಕೊಡಲು ಕೇಳಿ. ಬರೆದುಕೊಡಬೇಕಾಗುತ್ತದೆ ಎಂದಾಗ ಕೆಲವೊಮ್ಮೆ ಉತ್ತರವೇ ಬದಲಾಗುವುದನ್ನು ನಾನು ಕಂಡಿದ್ದೇನೆ. ವಾರಂಟಿ ಮುಗಿದ ಸ್ವಲ್ಪ ದಿನಕ್ಕೆ ಹೋಗಿದ್ದರೂ ಕಂಪನಿಗೆ ಮನವಿ ಕೊಡಿ. ಪೂರ್ತಿಯಲ್ಲದಿದ್ದರೂ ಪಾರ್ಟಿನ ಬೆಲೆಯಲ್ಲಿ ಒಂದಷ್ಟು ಬಿಟ್ಟುಕೊಡುವುದು ಅವರಿಗೆ ಹೊಸದಲ್ಲ.

ವಿಮೆಯ ವಿಚಾರದಲ್ಲಿ ನಿಮ್ಮಲ್ಲಿ ಎರಡು ತಪ್ಪು ಕಲ್ಪನೆಗಳಿವೆ. ಅಂಡರ್‌ಚಾಸಿಗೆ ವಿಮೆಯೇ ಇಲ್ಲ ಎಂದು ಕೆಲವರು. ಫುಲ್ ಇನ್ಶೂರೆನ್ಸ್ ಇದೆ, ಎಲ್ಲ ಬರುತ್ತದೆ ಎಂದು ಕೆಲವರು. ಸವೆತಕ್ಕೆ ವಿಮೆ ಇಲ್ಲ. ಆದರೆ ಗುಂಡಿಗೆ ಬಿದ್ದು ಆರ್ಮ್ ಬಾಗಿದರೆ, ರಿಮ್ ಸೀಳಿದರೆ, ಸ್ಟ್ರಟ್ ಮುರಿದರೆ ಅದು ಅಪಘಾತವೇ. ಆಗ ಗಾಡಿಯನ್ನು ಮುಂದಕ್ಕೆ ಓಡಿಸಬೇಡಿ, ಓಡಿಸಿದ್ದರಿಂದ ಹೆಚ್ಚಾದ ಹಾನಿಯನ್ನು ಕಂಪನಿ ಕಟ್ಟುವುದಿಲ್ಲ. ಗುಂಡಿ, ಗಾಡಿ, ಪಕ್ಕದ ಗುರುತು ಮೂರೂ ಬರುವಂತೆ ಫೋಟೊ ತೆಗೆಯಿರಿ, ಆಗಲೇ ವಿಮಾ ಕಂಪನಿಗೆ ತಿಳಿಸಿ. ಸರ್ವೇಯರ್ ನೋಡುವ ಮೊದಲು ಬಿಚ್ಚಿಸಬೇಡಿ.

ಆದರೆ ಕ್ಲೇಮ್ ಮಾಡುವ ಮುನ್ನ ಒಂದು ಲೆಕ್ಕ ಹಾಕಿ. ಸಾಮಾನ್ಯ ಪಾಲಿಸಿಯಲ್ಲಿ ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ ಶೇ 50 ಸವಕಳಿ ಕಡಿತವಾಗುತ್ತದೆ. ಲೋಹದ ಭಾಗಕ್ಕೆ ಗಾಡಿಯ ವಯಸ್ಸು 3ರಿಂದ 4 ವರ್ಷವಾದರೆ ಶೇ 25, 5 ವರ್ಷ ದಾಟಿ 10 ವರ್ಷದೊಳಗಾದರೆ ಶೇ 40. ಇದರ ಮೇಲೆ ನಿಮ್ಮ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಆ ಬೋನಸ್ ಮೊದಲ ವರ್ಷಕ್ಕೆ ಶೇ 20, ಆಮೇಲೆ 25, 35, 45, ಐದನೆಯದಕ್ಕೆ 50. ಉದಾಹರಣೆಗೆ, ಬೋನಸ್ ಕಳೆಯುವ ಮೊದಲು ಸ್ವಂತ ಹಾನಿಯ ಪ್ರೀಮಿಯಂ 12,000 ರೂಪಾಯಿ ಎಂದಿಟ್ಟುಕೊಳ್ಳಿ. ನಾಲ್ಕು ವರ್ಷ ಕ್ಲೇಮ್ ಇಲ್ಲದೆ ನೀವು ಈಗ ಶೇ 45ರಲ್ಲಿದ್ದೀರಿ. ಕ್ಲೇಮ್ ಮಾಡದಿದ್ದರೆ ಮುಂದಿನ ವರ್ಷದಿಂದ 6,000 ಕಟ್ಟಿದರೆ ಸಾಕು. ಮಾಡಿದರೆ ಮುಂದಿನ ವರ್ಷ 12,000, ಆಮೇಲೆ 9,600, 9,000, 7,800, 6,600. ಪ್ರೀಮಿಯಂ ಬದಲಾಗದಿದ್ದರೂ ಐದು ವರ್ಷದಲ್ಲಿ ಒಟ್ಟು 15,000 ರೂಪಾಯಿ ಹೆಚ್ಚಿಗೆ ಹೋಗುತ್ತದೆ. ಹಾಗಾಗಿ ಕೈಗೆ ಬರುವ ಕ್ಲೇಮು 8–10 ಸಾವಿರವಾದರೆ ಸ್ವಂತ ಹಣದಲ್ಲೇ ಮಾಡಿಸುವುದು ಮೇಲು. 40 ಸಾವಿರವಾದರೆ ಹಿಂದೆಮುಂದೆ ನೋಡದೆ ಕ್ಲೇಮ್ ಮಾಡಿ. ಪಾಲಿಸಿ ಮಾಡಿಸುವಾಗಲೇ ಬೋನಸ್ ರಕ್ಷಣೆಯ ಹೆಚ್ಚುವರಿ ಕವರ್ ಸಿಗುತ್ತದೆಯೇ ಎಂದು ವಿಚಾರಿಸಿಕೊಳ್ಳಿ.

ಪಾರ್ಟು ದೋಷದ್ದು ಅಥವಾ ಜೋಡಣೆ ತಪ್ಪು ಎಂದು ನಿಮಗೆ ಮನವರಿಕೆಯಾಗಿ, ಅವರು ಒಪ್ಪದಿದ್ದರೆ? ಮೊದಲು 1915ಕ್ಕೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಿ. ಅಲ್ಲಿ ಮುಗಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ‘ನಮ್ಮದು ಬಾಡಿಗೆ ಗಾಡಿ, ಗ್ರಾಹಕ ಕೋರ್ಟು ನಮಗಲ್ಲ’ ಎಂದು ನಿಮ್ಮಲ್ಲಿ ಹಲವರು ನನ್ನ ಬಳಿ ಹೇಳಿದ್ದೀರಿ. ಅದು ಸರಿಯಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲೆಂದೇ ಕೊಂಡು ಬಳಸುವ ವಸ್ತುವನ್ನು ವಾಣಿಜ್ಯ ಉದ್ದೇಶದ್ದು ಎಂದು ಎಣಿಸುವುದಿಲ್ಲ. ಹಳೆಯ ಕಾಯ್ದೆಯ ಕಾಲದಲ್ಲೇ, 1995ರ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ತೀರ್ಪಿನಲ್ಲಿ, ತಾನೇ ಓಡಿಸಿ ಬದುಕಲು ಆಟೊರಿಕ್ಷಾ ಕೊಂಡವನೂ ಲಾರಿ ಕೊಂಡವನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ ಉದಾಹರಣೆ ಕೊಟ್ಟೇ ಹೇಳಿದೆ. ಒಂದೇ ಗಾಡಿ ಇಟ್ಟುಕೊಂಡು ತಾನೇ ಓಡಿಸುವ ನೀವು ಅದರೊಳಗೆ ಖಂಡಿತ ಬರುತ್ತೀರಿ. ನಾಲ್ಕೈದು ಗಾಡಿಗೆ ಚಾಲಕರನ್ನಿಟ್ಟು ನಡೆಸುವ ಟ್ರಾವೆಲ್ಸ್‌ನವರಿಗೆ ಮಾತ್ರ ಈ ವಾದ ಕಷ್ಟ.

ಇನ್ನೊಂದು ಅನುಕೂಲವಿದೆ. ಗಾಡಿ ಕೊಂಡದ್ದು ಎಲ್ಲೇ ಇರಲಿ, ರಿಪೇರಿ ಕೋಯಂಬೇಡಿನಲ್ಲೇ ಆಗಿರಲಿ, ದೂರನ್ನು ನೀವು ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು. ಕೋಲಾರದವರು ಕೋಲಾರದಲ್ಲೇ ಕೊಡಿ, ಡ್ಯೂಟಿ ಬಿಟ್ಟು ಚೆನ್ನೈಗೆ ಅಲೆಯಬೇಕಿಲ್ಲ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ, 10 ಲಕ್ಷದೊಳಗಿದ್ದರೆ 200 ರೂಪಾಯಿ. ಗಡುವು ಎರಡು ವರ್ಷ. ಮತ್ತೆ ಎಲ್ಲಕ್ಕಿಂತ ಮುಖ್ಯವಾದ ಮಾತು: ಬಿಚ್ಚಿದ ಹಳೆಯ ಪಾರ್ಟನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ. ದೋಷವಿದೆಯೇ ಎಂದು ತಿಳಿಯಲು ಆಯೋಗ ಅದನ್ನು ಪ್ರಯೋಗಾಲಯಕ್ಕೆ ಕಳಿಸಬಹುದು, ಕಾಯ್ದೆಯಲ್ಲೇ ಅದಕ್ಕೆ ಅವಕಾಶವಿದೆ. ಪಾರ್ಟೇ ಇಲ್ಲದಿದ್ದರೆ ಪರೀಕ್ಷಿಸುವುದು ಏನನ್ನು? ಗುಜರಿಗೆ ಹಾಕಿದರೆ ನೂರು ರೂಪಾಯಿಯೂ ಸಿಗದ ಆ ಲೋವರ್ ಆರ್ಮ್ ನಿಮ್ಮ ಕೈಯಲ್ಲಿದ್ದರೆ ದೊಡ್ಡ ಪುರಾವೆ. ಗಾಡಿ ನಂಬರು, ತಾರೀಕು, ಕಿಲೋಮೀಟರು ಬರೆದ ಚೀಟಿ ಅಂಟಿಸಿ, ಗೋಣಿಯಲ್ಲಿ ಸುತ್ತಿ ಮನೆಯಲ್ಲಿಡಿ.

ಹೊರಗಿನ ಗ್ಯಾರೇಜಿಗೆ ಹೋದರೆ ವಾರಂಟಿಯೇ ಹೋಗುತ್ತದೆ ಎಂದು ಹೆದರಿಸುವುದನ್ನೂ ನೀವು ಕೇಳಿರುತ್ತೀರಿ. ಶಂಶೇರ್ ಕಟಾರಿಯಾ ಎಂಬವರು 2011ರಲ್ಲಿ ಕೊಟ್ಟ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗಗಳನ್ನು ತಮ್ಮ ಡೀಲರುಗಳಾಚೆ ಸಿಗದಂತೆ ತಡೆದದ್ದೇ ಅವುಗಳ ತಪ್ಪು. ಹೊರಗೆ ಕೆಲಸ ಮಾಡಿಸಿದ ಮಾತ್ರಕ್ಕೆ ವಾರಂಟಿ ರದ್ದು ಎನ್ನುವ ಪದ್ಧತಿಯನ್ನೂ ಆಯೋಗ ಒಪ್ಪಲಿಲ್ಲ. ಕಂಪನಿಗಳು ಮೇಲಿನ ನ್ಯಾಯಾಲಯಗಳಿಗೆ ಹೋದವು, ದಂಡದ ವಿಚಾರ ವರ್ಷಗಟ್ಟಲೆ ಎಳೆಯಿತು. ಆದರೂ ಆ ಆದೇಶ ಎತ್ತಿದ ಪ್ರಶ್ನೆ ನಿಮ್ಮದೇ ಪ್ರಶ್ನೆ. ಕಂಪನಿಗಳಿಗೆ ಪಾರ್ಟು ಮಾಡಿಕೊಡುವವರೇ ತಮ್ಮ ಹೆಸರಿನ ಡಬ್ಬಿಯಲ್ಲೂ ಮಾರುತ್ತಾರೆ: ಹೊಸೂರಿನಲ್ಲಿ ಶಾಕ್ ಅಬ್ಸಾರ್ಬರ್ ಮಾಡುವ ಗೇಬ್ರಿಯಲ್ ಇರಬಹುದು, ಮೈಸೂರಿನಲ್ಲೂ ಕಾರ್ಖಾನೆಯಿರುವ ಚೆನ್ನೈನ ರಾಣೆ ಮದ್ರಾಸ್ ಇರಬಹುದು. ಇಲ್ಲಿಯ ಜಿ.ಪಿ. ರೋಡಿನಲ್ಲೂ ಬೆಂಗಳೂರಿನ ಜೆ.ಸಿ. ರೋಡಿನಲ್ಲೂ ಅವು ಸಿಗುತ್ತವೆ. ಆದರೆ ಬಿಲ್ ಇಲ್ಲದೆ ಕೊಳ್ಳಬೇಡಿ. ಬಿಲ್ಲಿಲ್ಲದ ಪಾರ್ಟಿಗೆ ವಾರಂಟಿಯೂ ಇಲ್ಲ, ನಕಲಿ ಎಂದು ಗೊತ್ತಾದಾಗ ಕೇಳುವ ದಾರಿಯೂ ಇಲ್ಲ. ಬಾಲ್ ಜಾಯಿಂಟ್ ವಿಷಯದಲ್ಲಂತೂ ನಕಲಿ ಮಾಲು ಬೇಡವೇ ಬೇಡ. ಓಡುವಾಗ ಅದು ಕಳಚಿದರೆ ಚಕ್ರ ಅಡ್ಡ ತಿರುಗುತ್ತದೆ, ಒಳಗೆ ಕೂತವರ ಜೀವದ ಪ್ರಶ್ನೆ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಜಿಎಸ್‌ಟಿ ಶೇ 18ಕ್ಕೆ ಇಳಿದಿದೆ. ಹಳೆಯ ಶೇ 28ರ ದರದಲ್ಲೇ ಅಂದಾಜು ಪಟ್ಟಿ ಕೊಟ್ಟರೆ ಕೇಳಿ.

ಇಲ್ಲಿಯವರೆಗೆ ಒಬ್ಬೊಬ್ಬರೇ ಮಾಡಬೇಕಾದದ್ದನ್ನು ಹೇಳಿದೆ. ಒಟ್ಟಿಗೆ ಮಾಡಬೇಕಾದದ್ದು ಇನ್ನೊಂದಿದೆ. ಒಂದೇ ಮಾದರಿಯ ಗಾಡಿಯ ಒಂದೇ ಪಾರ್ಟು ಹಲವರಿಗೆ ಒಂದೇ ಕಿಲೋಮೀಟರಿನ ಸುಮಾರಿಗೆ ಹೋಗುತ್ತಿದ್ದರೆ ಅದು ರಸ್ತೆಯ ತಪ್ಪೂ ಅಲ್ಲ, ಚಾಲಕನ ತಪ್ಪೂ ಅಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 110ಎ ಕಲಂ ಪ್ರಕಾರ, ಸುರಕ್ಷತೆಗೆ ಕುತ್ತು ತರುವ ದೋಷದ ಬಗ್ಗೆ ಸಾಕಷ್ಟು ಮಾಲೀಕರು ದೂರು ಕೊಟ್ಟರೆ ಆ ಮಾದರಿಯ ಗಾಡಿಗಳನ್ನು ಕಂಪನಿ ವಾಪಸ್ ಕರೆಸಿ ಸರಿಮಾಡಿಕೊಡುವಂತೆ ಸರ್ಕಾರ ಆದೇಶಿಸಬಹುದು. 2021ರ ಏಪ್ರಿಲ್ 1ರಿಂದ ಅದಕ್ಕೆ ನಿಯಮಗಳೂ, ವಾಹನ್ ತಾಣದಲ್ಲಿ ದೂರು ಕೊಡುವ ವ್ಯವಸ್ಥೆಯೂ ಇವೆ. 7 ವರ್ಷದೊಳಗಿನ ಗಾಡಿಗಳಿಗೆ ಅದು ಅನ್ವಯ. ಅಲ್ಲಿ ಎಣಿಕೆಗೆ ಬರುವುದು ದೂರುಗಳ ಸಂಖ್ಯೆ. ಚಹಾ ಕುಡಿಯುತ್ತ ಹತ್ತು ಜನ ಒಂದೇ ಕಷ್ಟ ಹೇಳಿಕೊಂಡರೆ ಅದು ಎಲ್ಲಿಯೂ ದಾಖಲಾಗುವುದಿಲ್ಲ. ಹತ್ತು ಜನ ಬೇರೆಬೇರೆಯಾಗಿ ದೂರು ಬರೆದರೆ ಹತ್ತೂ ಲೆಕ್ಕಕ್ಕೆ ಬರುತ್ತವೆ. ನಿಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬಾಡಿಗೆ, ಪೊಲೀಸ್ ಚೆಕಿಂಗ್, ಟೋಲ್ ಸುದ್ದಿಯ ಜೊತೆಗೆ ಇದನ್ನೂ ಹಾಕಿಕೊಳ್ಳಿ: ಗಾಡಿಯ ಮಾದರಿ, ವರ್ಷ, ಹೋದ ಪಾರ್ಟು, ಎಷ್ಟು ಕಿಲೋಮೀಟರಿಗೆ, ಎಷ್ಟು ಹಣ. ಕೆಲವು ತಿಂಗಳಲ್ಲಿ ನಿಮಗೇ ಚಿತ್ರ ಸ್ಪಷ್ಟವಾಗುತ್ತದೆ. ಯಾವ ಗ್ಯಾರೇಜಿನ ಕೆಲಸ ಬಾಳಿಕೆ ಬರುತ್ತದೆ ಎಂಬುದೂ ಅದರಲ್ಲೇ ಗೊತ್ತಾಗುತ್ತದೆ.

ಕೊನೆಗೆ ನಿಮ್ಮಲ್ಲೇ ಗಾಡಿ ಮಾಲೀಕರಾದವರಿಗೆ ಎರಡು ಮಾತು. ಮಾಲೀಕರ ಗಾಡಿ ಓಡಿಸುವ ಹುಡುಗರು ಸಂಬಳದಲ್ಲಿ ಶಾಕ್ ಅಬ್ಸಾರ್ಬರಿನ ಹಣ ಮುರಿದುಕೊಂಡರು ಎಂದು ಹೇಳುವಾಗ ನನಗೆ ತಡೆಯಲಾಗುವುದಿಲ್ಲ. ‘ನೀನೇ ಹೊಡೆದು ಕೆಡಿಸಿದೆ’ ಎಂಬ ಒಂದು ಮಾತು ಸಾಕು, ತಿಂಗಳ ಮನೆ ಬಾಡಿಗೆ ಹೋಗುತ್ತದೆ. 1936ರ ವೇತನ ಪಾವತಿ ಕಾಯ್ದೆಯಲ್ಲಿಯೂ, ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆಯಲ್ಲಿಯೂ ನಿಯಮ ಒಂದೇ: ಹಾನಿ ನೇರವಾಗಿ ಕೆಲಸಗಾರನ ಅಲಕ್ಷ್ಯದಿಂದಲೇ ಆಗಿರಬೇಕು, ಕಡಿತಕ್ಕೆ ಮುಂಚೆ ಅವನಿಗೆ ಸಮಜಾಯಿಷಿ ಹೇಳಲು ಅವಕಾಶ ಕೊಡಬೇಕು. ಶ್ರೀಪೆರುಂಬುದೂರಿನ ರಸ್ತೆಗೂ, ಜಾಕಿ ಮೇಲೆ ಬೋಲ್ಟ್ ಬಿಗಿದ ಗ್ಯಾರೇಜಿಗೂ, ಏಳು ಜನರ ಜೊತೆ ಕ್ಯಾರಿಯರ್ ತುಂಬ ಲಗೇಜು ಹೇರಿಸಿ ಕಳಿಸಿದ ನಿಮ್ಮ ಬುಕಿಂಗಿಗೂ ಆ ಹುಡುಗ ಹೊಣೆಯಲ್ಲ. ಗಾಡಿ ಕೊಟ್ಟ ದಿನ ಅಂಡರ್‌ಚಾಸಿ ಹೇಗಿತ್ತು ಎಂದು ಇಬ್ಬರೂ ನೋಡಿ, ಬರೆದು, ಸಹಿ ಮಾಡಿಟ್ಟುಕೊಳ್ಳಿ. ಆಮೇಲೆ ಜಗಳಕ್ಕೆ ಜಾಗವಿರುವುದಿಲ್ಲ. ಹಾಗೆ ಬರೆದಿಡದೆ ಈಗಾಗಲೇ ಯಾರ ಸಂಬಳದಲ್ಲಾದರೂ ಮುರಿದುಕೊಂಡಿದ್ದರೆ, ದಯವಿಟ್ಟು ಈ ತಿಂಗಳು ಅದನ್ನು ಹಿಂದಿರುಗಿಸಿ.

ಜಾಬ್ ಕಾರ್ಡು ಅರ್ಥವಾಗದವರು, ಹಳೆಯ ಪಾರ್ಟು ಯಾಕೆ ಹೋಯಿತೆಂದು ತಿಳಿಯಬೇಕಾದವರು ನನ್ನನ್ನು ಮಾರುಕಟ್ಟೆಯಲ್ಲಿ ಕಂಡಾಗ ನಿಲ್ಲಿಸಿ ಕೇಳಿ. ಕಂಪನಿಗೋ ಗ್ರಾಹಕ ಆಯೋಗಕ್ಕೋ ಪತ್ರ ಬರೆಯಬೇಕಿದ್ದರೆ ಕೂತು ಬರೆದುಕೊಡುತ್ತೇನೆ, ಅದಕ್ಕೆ ಹಣ ಬೇಡ. ಬರುವಾಗ ಬಿಲ್ಲು, ವಾರಂಟಿ ಪುಸ್ತಕ, ಹಳೆಯ ಪಾರ್ಟು ಮೂರನ್ನೂ ತನ್ನಿ.

ಇತಿ ನಿಮ್ಮವ,
ಅರುಂಬಾಕ್ಕಂನ ಒಬ್ಬ ಹಿರಿಯ ಕನ್ನಡಿಗ